ಮೂಗು ಬರೆದ ನಕ್ಷೆ

ಮನುಷ್ಯನ ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವ ಅವಯವ ಮೂಗು. ಭೂಗೋಳಶಾಸ್ತ್ರದಲ್ಲಿ ಎಲ್ಲಕ್ಕಿಂತ ಹಿಂದುಳಿದಿರುವುದೂ ಅದೇ. ನೀವೇ ನೋಡಿ, ನೀರಿಗೆ ನೀಲಿ, ಬೆಟ್ಟಕ್ಕೆ ಕಂದು, ಕಾಡಿಗೆ ಹಸಿರು ಎಂದು ಧಾರಾಳವಾಗಿ ಬಣ್ಣ ಹಂಚಿದ ಮಹನೀಯರು ವಾಸನೆಗೆಂದು ಒಂದು ಚುಕ್ಕಿಯನ್ನೂ ಉಳಿಸಲಿಲ್ಲ. ಶಿಡ್ಲಘಟ್ಟದ ಬೀದಿಗಳಲ್ಲಿ ಕಣ್ಣು ಮುಚ್ಚಿ ನಡೆದರೂ ರೇಷ್ಮೆಗೂಡು ಬೇಯುತ್ತಿರುವ ಮನೆ ಯಾವುದೆಂದು ಮೂಗು ಹೇಳುತ್ತದೆ, ನಕ್ಷೆ ಹೇಳುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ಬೋಧಿಸಿದ ನಾನು ಈ ಅನ್ಯಾಯವನ್ನು ಗಮನಿಸಿದ್ದು ನಿವೃತ್ತಿಯ ನಂತರ, ಅದೂ ರೇಷ್ಮೆಹುಳು ಸಾಕುವ ಹುಳುಮನೆಯೊಂದರಿಂದ ಹೊರದಬ್ಬಿಸಿಕೊಂಡ ಮೇಲೆ.

ಮೇಲೂರಿನ ಆಚೆಯ ಒಂದು ಹಳ್ಳಿಗೆ ನಾನೊಂದು ನಕ್ಷೆ ಮಾಡಿಕೊಟ್ಟಿದ್ದೆ. ಅಲ್ಲಿ ರೇಷ್ಮೆ ಬೆಳೆಯುವ ಆಂಜಿನಮ್ಮನ ಹುಳುಗಳು ಎರಡು ಬೆಳೆ ಸತತವಾಗಿ ಮೂರನೇ ಜ್ವರ ಎದ್ದ ಮೇಲೆ ಸತ್ತಿದ್ದವು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರವೆಂದೇ ಹೆಸರು. ಮೇಲಿನ ಇಳಿಜಾರಿನಲ್ಲಿರುವ ನಾರಾಯಣಪ್ಪನವರ ದ್ರಾಕ್ಷಿ ತೋಟಕ್ಕೆ ಬೆಳಿಗ್ಗೆ ಹೊಡೆಯುವ ಔಷಧಿ ತನ್ನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿದೆ ಎಂಬುದು ಆಂಜಿನಮ್ಮನ ದೂರು. ನಡುವೆ ಇಷ್ಟಗಲ ರಾಗಿ ಹೊಲವಿರುವಾಗ ಅದು ಹೇಗೆ ಸಾಧ್ಯ ಎಂಬುದು ನಾರಾಯಣಪ್ಪನವರ ವಾದ. ಉಪಗ್ರಹದ ಚಿತ್ರ ಮುಂದಿಟ್ಟುಕೊಂಡು, ಅಂತರವನ್ನು ಗಜಗಜವಾಗಿ ಅಳೆದು ನಾನು ಬರೆದ ನಕ್ಷೆ ನಾರಾಯಣಪ್ಪನವರ ಪರವಾಗಿ ಸಾಕ್ಷಿ ಹೇಳಿತು. ಮೂರನೆಯ ಬೆಳೆಯೂ ಹೋದರೆ ಹಿಪ್ಪುನೇರಳೆಯನ್ನು ಬುಡಸಹಿತ ಕೀಳಿಸಿಬಿಡುತ್ತೇನೆ ಎಂದು ಆಂಜಿನಮ್ಮ ಊರ ಮುಂದೆಯೇ ಹೇಳಿದರು.

ಸಮಾಧಾನ ಹೇಳಲೆಂದು ಮರುದಿನ ಅವರ ಮನೆಗೆ ಹೋದೆ. ದುಃಖದ ಮನೆಗೂ ಪೌಡರು ಬಳಿದುಕೊಂಡೇ ಹೋಗುವ ಚಾಳಿ ನನ್ನದು. ಹುಳುಮನೆಯ ಹೊಸಿಲು ದಾಟುವ ಮೊದಲೇ ಆಂಜಿನಮ್ಮ ಎರಡೂ ಕೈ ಅಡ್ಡ ಹಿಡಿದು ನನ್ನನ್ನು ಅಂಗಳಕ್ಕೆ ನೂಕಿದರು. "ಗಮಗಮ ಅಂತ ಒಳಗ್ ಬರ್ತೀರಲ್ಲ ಮೇಡಮ್ಮ, ಹುಳ ಏನಾಗ್ಬೇಕು? ನಿಮ್ ನಕ್ಷೆಗೆ ಮೂಗಿಲ್ಲ, ಸರಿ. ನಿಮಗೂ ಇಲ್ವಾ?"

ನನ್ನ ಮುಖ ಹುಳ್ಳಗಾಯಿತು. ಅದನ್ನು ಕಂಡು ಮರುಗಿದರೋ ಏನೋ, ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. "ಗಾಳಿಗೂ ಒಂದು ದಾರಿ ಐತೆ ಕಣಮ್ಮ. ಬೆಳಿಗ್ಗೆ ಹೊತ್ತು ಕಾಲುವೆ ಹಿಡ್ಕೊಂಡು ಇಳೀತದೆ. ಆ ದಾರೀಲಿ ಓಡಾಡೋ ಹೆಂಗಸರನ್ನ ಕೇಳಿ, ಎಲ್ಲೆಲ್ಲಿ ಮೂಗಿಗೆ ಸೆರಗು ಹಿಡೀತಾರೆ ಅಂತ."

ಕೇಳಿದೆ. ಸೊಪ್ಪು ಕೊಯ್ಯುವವರು, ಡೈರಿಗೆ ಹಾಲು ಒಯ್ಯುವವರು ಒಬ್ಬೊಬ್ಬರೂ ತಾವು ಸೆರಗು ಹಿಡಿಯುವ ಜಾಗಕ್ಕೆ ತಾವೇ ಕೆಂಪು ಪೆನ್ಸಿಲಿನ ಚುಕ್ಕಿ ಇಟ್ಟರು. ನಕ್ಷೆಯ ಮೂಲೆಯ ಸೂಚಿಯಲ್ಲಿ, ಕೆರೆ ಮತ್ತು ರಸ್ತೆಗಳ ಕೆಳಗೆ, "ಕೆಂಪು: ಸೆರಗು ಮೂಗಿಗೇರುವ ಜಾಗ" ಎಂದು ಗಾಂಭೀರ್ಯದಿಂದ ಬರೆದೆ. ಚುಕ್ಕಿಗಳು ರಾಗಿ ಹೊಲದ ತಂಟೆಗೇ ಹೋಗದೆ, ದ್ರಾಕ್ಷಿ ತೋಟದಿಂದ ಕಾಲುವೆಗಿಳಿದು, ಕೆರೆಯ ಏರಿಯನ್ನು ಬಳಸಿ, ನೇರ ಆಂಜಿನಮ್ಮನ ಸೊಪ್ಪಿನ ತೋಟಕ್ಕೆ ಬಂದು ನಿಂತವು. ಬೆಟ್ಟದ ತಣ್ಣನೆಯ ಗಾಳಿ ಬೆಳಗಿನ ಹೊತ್ತು ತಗ್ಗಿಗೆ ಜಾರುತ್ತದೆಂದು ವರ್ಷವರ್ಷವೂ ಹಲಗೆಯ ಮೇಲೆ ಬಾಣ ಎಳೆದು ಕಲಿಸಿದವಳು ನಾನು. ಆ ಗಾಳಿ ಪರೀಕ್ಷೆಯಲ್ಲಿ ಎರಡು ಅಂಕಕ್ಕಾಗಿ ಮಾತ್ರ ಬೀಸುತ್ತದೆ ಎಂದುಕೊಂಡಿದ್ದೆ.

ಪಂಚಾಯಿತಿ ಕಟ್ಟೆಯಲ್ಲಿ ನಕ್ಷೆ ಬಿಚ್ಚಿದಾಗ ಗಂಡಸರು ನಕ್ಕರು. ನಾರಾಯಣಪ್ಪನವರು ಮಾತ್ರ ನಗಲಿಲ್ಲ, ತಮ್ಮ ತೋಟದ ಕೆಳಗಿನ ದಪ್ಪ ಚುಕ್ಕಿಯ ಮೇಲೆ ಬೆರಳಿಟ್ಟು ಇದು ಯಾರದೆಂದು ಕೇಳಿದರು. ಹಾಲಿನ ಕ್ಯಾನು ಹಿಡಿದು ನಿಂತಿದ್ದ ಅವರ ಹೆಂಡತಿ ಅಲ್ಲಿಂದಲೇ ಹೇಳಿದರು: "ನಂದೇ. ದಿನಾ ಡೈರಿಗೆ ಹೋಗೋವಾಗ ಅಲ್ಲೇ ಸೆರಗು ಹಿಡ್ಕೊಳೋದು. ನೀವ್ಯಾವತ್ತು ಕೇಳಿದ್ರಿ?"

ಉಪಗ್ರಹಕ್ಕೆ ಎದುರು ಮಾತನಾಡಬಹುದು, ಹೆಂಡತಿಯ ಮೂಗಿಗೆ ಎದುರು ಮಾತನಾಡುವ ಧೈರ್ಯ ಯಾರಿಗಿದೆ? "ಆಯ್ತು ಬಿಡಮ್ಮ ಆಂಜಿನಮ್ಮ, ಇನ್ಮೇಲೆ ಸಾಯಂಕಾಲ ಬಿಸಿಲಿರೋವಾಗ್ಲೇ ಹೊಡೀತೀನಿ, ಗಾಳಿ ಮೇಲಕ್ಕೆ ಹೋಗೋವಾಗ. ಹಿಂದಿನ ದಿನಾನೇ ಹೇಳಿ ಕಳಿಸ್ತೀನಿ, ಸೊಪ್ಪು ಕೊಯ್ಕೊಂಡ್ಬಿಡಿ" ಎಂದರು ನಾರಾಯಣಪ್ಪ.

ಮೂರನೆಯ ಬೆಳೆ ಮೂರನೇ ಜ್ವರ ದಾಟಿತು, ನಾಲ್ಕನೆಯದನ್ನೂ ದಾಟಿತು. ಹುಳುಗಳು ಹಣ್ಣಾಗಿ ಚಂದ್ರಿಕೆಗೇರಿ ಗೂಡು ಕಟ್ಟಿವೆ ಎಂದು ಸುದ್ದಿ ಬಂದಾಗ ನಾನು ಮೊದಲ ಬಸ್ಸಿಗೇ ಹೊರಟೆ. ಬಿದಿರಿನ ಚಂದ್ರಿಕೆಗಳ ತುಂಬ ಗೂಡು, ಬೆರಳಿಡಲೂ ಜಾಗವಿಲ್ಲ. ನನ್ನ ಯಾವ ವಿದ್ಯಾರ್ಥಿ ರ‍್ಯಾಂಕು ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಹಿಪ್ಪುನೇರಳೆ ಕೀಳಿಸುವ ಮಾತು ಏನಾಯಿತೆಂದು ಕೇಳಿದೆ.

"ಕೀಳ್ಸೋದಾ?" ಎಂದರು ಆಂಜಿನಮ್ಮ, ಚಂದ್ರಿಕೆಯಿಂದ ಕಣ್ಣೆತ್ತದೆ. "ಪಕ್ಕದ ಅರ್ಧ ಎಕರೆಗೂ ಸೊಪ್ಪಿನ ಕಡ್ಡಿ ನೆಡಕ್ಕೆ ಆಳು ಹೇಳಿದ್ದೀನಿ."