ಗೋರಖನಾಥ ಮಾಸ್ತರರ ತೇಜಿ-ಮಂದಿ

ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ ಗೋರಖನಾಥ ಮಾಸ್ತರರು ಎರಡು ಸಲ ಸೀಟು ಬದಲಿಸಿದರು. ಮೊದಲು ಬಿಸಿಲೆಂದು, ಆಮೇಲೆ ಪಕ್ಕದವನ ಚೀಲ ಚುಚ್ಚುತ್ತದೆಂದು. ಪಾಪ, ಚೀಲ ಏನು ಮಾಡೀತು! ಚುಚ್ಚುತ್ತಿದ್ದದ್ದು ಅವರೇ ಆಡಿದ ಒಂದು ಮಾತು.

ಚಿಂತಾಕಿ, ಔರಾದದ ಶಾಲೆಗಳು ಸೇರಿ ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ನಿವೃತ್ತರಾಗಿ ಭಾಲ್ಕಿಗೆ ಬಂದ ಮೇಲೆ ಶೇರು ಪೇಟೆಯ ಹುಚ್ಚು ಹತ್ತಿತು. ಬೇಳೆ ಬಜಾರಿನ ವ್ಯಾಪಾರಿಗಳು ದರ ಏರುವುದಕ್ಕೆ ತೇಜಿ, ಇಳಿಯುವುದಕ್ಕೆ ಮಂದಿ ಅನ್ನುತ್ತಾರೆ. ಮಾಸ್ತರರು ಹುಟ್ಟಾ ತೇಜಿಯವರು. ಸಾಫ್ಟ್‌ವೇರ್ ಕಂಪನಿ ಬಿಟ್ಟು ಬೇರೆ ಶೇರು ಮುಟ್ಟಿದವರಲ್ಲ.

ಬೀದರಿನ ದರ್ಜಿ ಸಲಾವೋದ್ದೀನ ಭಾಯಿ ಅವರ ಹಳೆಯ ಗೆಳೆಯರು. ನೌಕರಿ ಸಿಕ್ಕ ವರ್ಷ ಮಾಸ್ತರರ ಮೊದಲ ಪ್ಯಾಂಟು ಹೊಲಿದವರು. ಅಳತೆ ತೆಗೆದದ್ದು ಆ ಒಂದೇ ದಿನ. ಹೊಟ್ಟೆ ಬಂದಾಗ ಮಾಸ್ತರರು ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೋಡಿಯೇ ಸೊಂಟಕ್ಕೆ ಒಂದು ಇಂಚು ಹೆಚ್ಚು ಬಿಟ್ಟು ಹೊಲಿದಿದ್ದರು. ಕೇಳಿದರೆ, "ನಿಮ್ಮ ಅಳತಿ ನನ್ನ ಕಣ್ಣಾಗ ಅದರಿ, ಟೇಪ್ ಯಾಕ?" ಅನ್ನುತ್ತಿದ್ದರು.

ಭಾಯಿ ಮತ್ತು ಅವರ ಹೆಂಡತಿ ಜಾಹೇದಾ ಹಜ್‌ಗೆಂದು ರೊಕ್ಕ ಕೂಡಿಸಿಟ್ಟಿದ್ದರು. ಬಡ್ಡಿ ಹರಾಮು, ಬ್ಯಾಂಕಿನಲ್ಲಿ ಇಡುವ ಹಾಗಿಲ್ಲ. "ಸಾಫ್ಟ್‌ವೇರ್‌ನಾಗ ಹಾಕ್ರಿ. ಅದು ಬಡ್ಡಿ ಅಲ್ಲ, ದುಡಿದ ಲಾಭದಾಗ ಪಾಲು," ಎಂದು ಮಾಸ್ತರರೇ ಹಾಕಿಸಿದರು. ಈ ವರ್ಷ ಹಜ್ ಕಮಿಟಿ ಎತ್ತಿದ ಚೀಟಿಯಲ್ಲಿ ಇಬ್ಬರ ಹೆಸರೂ ಬಂತು. ಶುಕ್ರವಾರದೊಳಗೆ ಹಣ ಕಟ್ಟಬೇಕು.

ಅಷ್ಟರಲ್ಲಿ ಹೊರದೇಶದ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗತೊಡಗಿದವು. ಔರಾದದಿಂದ ಅಳಿಯ ಸ್ವಪ್ನಿಲ ಫೋನು ಮಾಡಿದ. "ಮಾವಾರ, ಆ ಬ್ಯಾಂಕುಗೋಳೇ ನಮ್ಮ ಸಾಫ್ಟ್‌ವೇರ್ ಕಂಪನಿಗೋಳ ಗಿರಾಕಿ. ಮದಿವಿ ಮನಿನೇ ದಿವಾಳಿ ಎದ್ರ ಶೇರ್ವಾನಿ ಹೊಲಿಸೋರು ಯಾರ್ರಿ? ಮಾರಿ ಹೊರಗ ಬರ್ರಿ."

"ಹುಚ್ಚಪ್ಪ! ಕೈ ಬಿಗಿ ಆದಾಗೇ ಅವರು ಅಗ್ಗದ ಕೆಲಸಕ್ಕ ನಮ್ಮ ಕಡಿ ಬರ್ತಾರ. ಡಾಲರ್ ಏರ್‍ತದ, ಲಾಭ ಏರ್‍ತದ," ಎಂದು ಮಾಸ್ತರರು ತಾವು ಕೂತಿದ್ದ ಚಹಾದಂಗಡಿಗೆಲ್ಲ ಕೇಳುವಂತೆ ಗದರಿಸಿದರು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಸೋಮವಾರ ಪೇಟೆ ತೆರೆದು ಹತ್ತು ನಿಮಿಷವಾಗಿರಲಿಲ್ಲ, ದರ ಬಿದ್ದ ಪರಿ ನೋಡಿ ಮಾಸ್ತರರು ಹೆದರಿಹೋದರು. ತಮ್ಮ ಶೇರೆಲ್ಲ ಮಾರಿಬಿಟ್ಟರು. ಹನ್ನೊಂದಕ್ಕೆ ಸಲಾವೋದ್ದೀನ ಭಾಯಿಯೇ ಫೋನು ಮಾಡಿ ಏನು ಮಾಡಲಿ ಎಂದು ಕೇಳಿದಾಗ, ಹೆದರಿ ಮಾರಿದೆ ಅನ್ನಲು ನಾಲಗೆ ಏಳಲಿಲ್ಲ. "ಮಾರಬ್ಯಾಡ್ರಿ, ನಾನೂ ಹಿಡಕೊಂಡೇ ಕುಂತೇನಿ," ಅಂದುಬಿಟ್ಟರು.

ಆ ‘ನಾನೂ’ ಮೂರು ದಿನ ಅವರನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಈಗ ನಿಜ ಹೇಳಲೆಂದು ಹತ್ತಿದ ಬಸ್ಸಿನಲ್ಲೂ ಫೋನು ಕೈಬಿಡದು. ಹಲಬರ್ಗಾ ಹತ್ತಿರ ದರ ಎಂಟು ರೂಪಾಯಿ ಏರಿತು. ಹೇಳದಿದ್ದರೂ ನಡೆದೀತು, ಇಲ್ಲೇ ಇಳಿದು ತಿರುಗಿಬಿಡಲೇ ಅನ್ನಿಸಿತು. ಮುಂದಿನ ಸ್ಟಾಪಿಗೆ ಹದಿನೈದು ಇಳಿಯಿತು. ಇನ್ನು ಹೇಳದೆ ಗತಿಯಿರಲಿಲ್ಲ.

ಅಂಗಡಿಯಲ್ಲಿ ಭಾಯಿ ನಕ್ಕು ಸ್ಟೂಲು ಕೊಟ್ಟರು. "ಬರ್ರಿ ಮಾಸ್ತರ್ ಸಾಬ್. ನಮ್ಮ ಜಾಹೇದಾ ಮೂರು ದಿನ ಆಯ್ತು, ಮಾರು ಮಾರು ಅಂತ ತಲಿ ತಿಂದಾಳ. ಮಾಸ್ತರ್ ಸಾಬ್ ಮಾರಿಲ್ಲ, ನಾವ್ಯಾಕ ಮಾರ್‍ಬೇಕು ಅಂತ ಬೈದು ಕುಂಡ್ರಿಸೀನಿ."

"ಭಾಯಿ, ನಾ ಮಾರೀನಿ."

ಹೊಲಿಗೆ ಯಂತ್ರ ನಿಂತಿತು.

"ಯಾವಾಗ್ರಿ?"

"ಸೋಮವಾರ ಮುಂಜಾನಿ. ಪೇಟಿ ತೆರದ ಕೂಡ್ಲೇ."

"ನಾ ಫೋನ್ ಮಾಡಿದಾಗ ಹನ್ನೊಂದಾಗಿತ್ತು."

"ಹೌದು." ಮಾಸ್ತರರಿಗೆ ತಲೆ ಎತ್ತಲಾಗಲಿಲ್ಲ. ಅಷ್ಟು ನಾಚಿಕೆ ಅವರಿಗೆ ಜೀವನದಲ್ಲಿ ಆಗಿರಲಿಲ್ಲ.

ಭಾಯಿ ಒಂದೂ ಕೆಟ್ಟ ಮಾತಾಡಲಿಲ್ಲ. ಒಳಬಾಗಿಲಿನ ಪರದೆಯತ್ತ ತಿರುಗಿದರು. "ಜಾಹೇದಾ, ನಿನ್ನ ಮಾತೇ ಖರೆ ಇತ್ತು. ಬೈದೆ, ಮಾಫ್ ಮಾಡು."

ಪರದೆಯ ಹಿಂದಿನಿಂದ ಜಾಹೇದಾ ನಿಧಾನವಾಗಿ ಅಂದರು: "ಇರ್ಲಿ ಬಿಡ್ರಿ. ಈಗ ಮಾರಿದ್ರ ರೊಕ್ಕ ಸಾಲಲ್ಲ. ಈ ವರ್ಷ ಬಿಡೋಣ."

"ಕಡಿಮಿ ಬಿದ್ದದ್ದು ನಾ ಕೊಡ್ತೇನಿ!" ಮಾಸ್ತರರು ಎದ್ದೇ ನಿಂತರು.

"ಹಜ್‌ಗೆ ಸಾಲದ ರೊಕ್ಕ ಬ್ಯಾಡ್ರಿ," ಅಂದರು ಭಾಯಿ.

"ಸಾಲ ಅಲ್ರಿ, ದಂಡ ಅಂತ ತಿಳೀರಿ."

"ಅದಂತೂ ಬ್ಯಾಡೇ ಬ್ಯಾಡ."

ದೀಪಾವಳಿಯ ಹೊತ್ತಿಗೆ ಭಾಯಿ ಮಾರದೆ ಇಟ್ಟಿದ್ದ ಶೇರಿನ ದರ ಮೊದಲಿಗಿಂತ ಮೇಲೆ ಹೋಯಿತು. ಮಾಸ್ತರರ ಬಾಯಿ ಹೇಳಿದ್ದೇ ಗೆದ್ದಿತು, ಕೈ ಮಾಡಿದ್ದು ಸೋತಿತು. ಮರುವರ್ಷ ಭಾಯಿ, ಜಾಹೇದಾ ಹಜ್‌ಗೆ ಹೋಗಿಬಂದರು. ಮರೆಯದೆ ಮಾಸ್ತರರ ಮನೆಗೂ ಖರ್ಜೂರ ಕಳಿಸಿದರು. ಅದನ್ನು ತಿಂದು ಅವರಿಗೆ ಜೀವ ಬಂದಂತಾಯಿತು. ಎಲ್ಲ ಸರಿಹೋಯಿತು ಅಂದುಕೊಂಡು, ಒಂದು ಪ್ಯಾಂಟಿನ ಬಟ್ಟೆ ಕೊಂಡು ಬೀದರಿಗೆ ಹೋದರು.

ಭಾಯಿ ಎದ್ದು ಬರಮಾಡಿಕೊಂಡರು. ಚಹಾ ತರಿಸಿದರು. ಮಕ್ಕಾದ ಗದ್ದಲ, ಸೆಖೆ, ಜಾಹೇದಾಳ ಮೊಣಕಾಲು ಎಲ್ಲ ಹೇಳಿದರು. ಬಟ್ಟೆ ಬಿಚ್ಚಿ ನೋಡಿ ಚಲೋ ಅದ ಅಂದರು.

ಆಮೇಲೆ ಕೊರಳಿನಿಂದ ಟೇಪು ತೆಗೆದರು.

"ಸ್ವಲ್ಪ ನಿಂದರ್‍ರಿ ಮಾಸ್ತರ್ ಸಾಬ್. ಅಳತಿ ತಗೋತೇನಿ."