ಬಾಯಿಬಿಡದವಳ ಪುಟ

ಸಂಶೋಧನಾ ವಿದ್ಯಾರ್ಥಿಗಳೆಲ್ಲ ಅವಳನ್ನು ‘ಸೋಮವಾರದಕ್ಕ’ ಎಂದೇ ಕರೆಯುತ್ತಿದ್ದರು. ಕೆಲಸ ವಿಶ್ವವಿದ್ಯಾಲಯದ ಒಂದು ವಿಭಾಗದ ಗ್ರಂಥಾಲಯದಲ್ಲಿ. ಆದರೆ ಅಲ್ಲೊಬ್ಬರು ಇಲ್ಲೊಬ್ಬರು ಕೂತು ತಲೆ ಕೆರೆದುಕೊಳ್ಳುತ್ತಿದ್ದ ನಲವತ್ತು ಪಿಎಚ್‌ಡಿಯವರನ್ನು ಸೇರಿಸಿ ಆನ್‌ಲೈನ್ ಗುಂಪು ಕಟ್ಟಿದವಳು ಅವಳೇ. ಪ್ರತಿ ಸೋಮವಾರ ಎಲ್ಲರೂ ತಾವು ಬರೆದ ಒಂದು ಪುಟ ಹಾಕಬೇಕು, ಇನ್ನೊಬ್ಬರ ಪುಟಕ್ಕೆ ಎರಡು ಮಾತು ಹೇಳಬೇಕು. ನಿಯಮ ಅಂದರೆ ನಿಯಮ!

ಆರು ತಿಂಗಳಾದರೂ ತುಟಿಪಿಟಕ್ಕೆನ್ನದವಳು ಒಬ್ಬಳೇ, ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಿಎಚ್‌ಡಿ ಮಾಡುತ್ತಿದ್ದ ನರ್ಸ್. “ಇಣುಕಿ ನೋಡೋಕೆ ಇದೇನು ಕಿಟಕೀನಾ?” ಎಂದು ಗೊಣಗುತ್ತ ಸೋಮವಾರದಕ್ಕ ಒಂದು ಸೋಮವಾರ ಬೆಳಿಗ್ಗೆ ಅವಳನ್ನು ಗುಂಪಿನಿಂದ ತೆಗೆದುಹಾಕಿದಳು. ಯಾಕಮ್ಮಾ ಅಂತ ಒಂದು ಮಾತು ಕೇಳಲಿಲ್ಲ. ಮಾರನೆಯ ದಿನವೇ, ನೋಂದಣಿ ಮುಂದುವರಿಸಲು ಹತ್ತು ದಿನದೊಳಗೆ ಅರ್ಜಿ ಹಾಕಬೇಕೆಂಬ ಕಚೇರಿಯ ಸೂಚನೆ ಬಂತು. ಎಲ್ಲರಿಗೂ ತಿಳಿಸುವ ಹೊಣೆ ಸೋಮವಾರದಕ್ಕನದು. ಗುಂಪಿನಲ್ಲಿ ಹಾಕಿ ಕೈತೊಳೆದುಕೊಂಡಳು.

ತಿಂಗಳ ನಂತರ ನರ್ಸ್ ಪುಸ್ತಕ ವಾಪಸು ಕೊಡಲು ಬಂದಳು. ಸೂಚನೆ ತಲುಪದೆ ಅವಳ ನೋಂದಣಿ ರದ್ದಾಗಿತ್ತು. ಐದು ವರ್ಷದ ದುಡಿಮೆ ಮಣ್ಣುಪಾಲು.

“ಇದನ್ನೂ ಇಟ್ಕೊಳ್ಳಿ ಅಕ್ಕಾ, ಬೇರೆಯವರಿಗೆ ಉಪಯೋಗ ಆಗ್ಲಿ,” ಎಂದು ದಪ್ಪ ನೋಟ್‌ಬುಕ್ ಮೇಜಿನ ಮೇಲಿಟ್ಟಳು. ಗುಂಪಿನಲ್ಲಿ ಯಾರು ಯಾರಿಗೆ ಏನು ಹೇಳಿದ್ದರೋ ಎಲ್ಲ ಅದರಲ್ಲಿತ್ತು, ದಿನಾಂಕ ಸಮೇತ.

“ಇಷ್ಟೆಲ್ಲ ಓದ್ತಿದ್ದೆ, ಒಂದ್ಸಲನಾದ್ರೂ ಮಾತಾಡಬಾರದಿತ್ತೇನಮ್ಮಾ?”

“ಅಲ್ಲಿ ಎಲ್ರೂ ಎಷ್ಟು ಚೆನ್ನಾಗಿ ಬರೀತಾರೆ! ನನ್ನ ಪುಟ ಹಾಕೋಕೆ ನಾಚಿಕೆ. ಆಮೇಲೆ ಕಂಪ್ಯೂಟರ್ರೇ ನನ್ನ ಹೆಸರು ತೆಗೆದುಬಿಡ್ತು. ನಿಮಗ್ಯಾಕೆ ತೊಂದ್ರೆ ಅಂತ ಸುಮ್ನಾದೆ.”

‘ಹೌದಮ್ಮಾ, ಕಂಪ್ಯೂಟರ್ರೇ’ ಅನ್ನುವ ಮಾತು ಸೋಮವಾರದಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಛೇ, ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

“ಕಂಪ್ಯೂಟರ್ ಅಲ್ಲ. ನಾನೇ ತೆಗೆದದ್ದು.”

ನರ್ಸ್ ತಲೆ ತಗ್ಗಿಸಿ, ವಾಪಸು ತಂದ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸತೊಡಗಿದಳು. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಸೋಮವಾರದಕ್ಕ ಹಾಳೆ ಎಳೆದುಕೊಂಡು ಕುಲಸಚಿವರಿಗೆ ಬರೆದಳು: ತಪ್ಪು ಪೂರ್ತಿ ನನ್ನದು, ಇವಳ ಅರ್ಜಿ ಸ್ವೀಕರಿಸಿ, ಶಿಕ್ಷೆ ಏನಿದ್ದರೂ ನನಗಿರಲಿ. ಕೆಲಸಕ್ಕೇ ಕುತ್ತು ಬಂದೀತೆಂದು ಗೊತ್ತಿತ್ತು. ಆದರೂ ಸಹಿ ಹಾಕಿದಳು. ಅವರು ಒಪ್ಪುತ್ತಾರೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

“ಇದು ನಿನಗೇ ಬೇಕಾಗುತ್ತೆ, ಇಟ್ಕೋ,” ಎಂದು ನೋಟ್‌ಬುಕ್ ಮರಳಿ ಕೊಡುವಾಗ ಕೊನೆಯ ಹಾಳೆ ತೆರೆದುಕೊಂಡಿತು. ಮೂರು ಸಲ ಹೊಡೆದುಹಾಕಿ, ತಿದ್ದಿ, ಮುದ್ದಾಗಿ ನಕಲು ಮಾಡಿದ ಒಂದು ಪುಟ. ಮೇಲೆ ಬರೆದಿತ್ತು: ‘ಇವತ್ತು ಧೈರ್ಯ ಮಾಡಿ ಗುಂಪಿಗೆ ಹಾಕಬೇಕು.’

ದಿನಾಂಕ, ಅವಳನ್ನು ಗುಂಪಿನಿಂದ ತೆಗೆದ ಅದೇ ಸೋಮವಾರದ್ದು.