ತುಳಸಾಬಾಯಿ ಎರಡನೆಯ ಸಲ ಹಾಡಿದ್ದು

ಧಾರವಾಡ ಆಕಾಶವಾಣಿಯ ಮೊದಲ ವರ್ಷಗಳ ಗಾಯಕಿ ಎಂದೇ ತುಳಸಾಬಾಯಿಯವರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ಅವ್ವನ ಜೊತೆ ನಾಟಕ ಕಂಪನಿಯಲ್ಲಿ ನಗೆಹಾಡು ಹಾಡುತ್ತಿದ್ದುದನ್ನು ಅವರು ರೇಡಿಯೊ ಸೇರಿದಂದಿನಿಂದ ಯಾರಿಗೂ ಹೇಳಿರಲಿಲ್ಲ. ಕಂಪನಿಯ ಹೆಂಗಸರೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲವದು.

2014ರಲ್ಲಿ ವಿದೇಶದಲ್ಲಿ ನೆಲೆಸಿದ್ದ ಮೊಮ್ಮಗಳು ಹರ್ಷಿಣಿ ಅಜ್ಜಿಯನ್ನು ಫ್ಲೂಗರ್‌ವಿಲ್‌ನ ತನ್ನ ಮನೆಯಿಂದ ಸ್ಟಾಫರ್ಡ್‌ಗೆ, ಹ್ಯೂಸ್ಟನ್ ಕನ್ನಡಿಗರ ರೇಡಿಯೊ ಕಾರ್ಯಕ್ರಮಕ್ಕೆ, ಕರೆದೊಯ್ದಳು.

"ಹಾಡು ಯಾರ ಹತ್ರ ಕಲಿತ್ರಿ ಅಮ್ಮಾ?" ಎಂದು ನಿರೂಪಕಿ ಅನುರಾಧಾ ಕೇಳಿದಳು.

"ಗುರುಗಳ ಕಡೆ. ನಮ್ಮವ್ವಗ ಹಾಡು ಬರತಿರಲಿಲ್ರಿ."

ಆದರೆ ಅವರು ಹಾಡಿದ್ದು ಅವ್ವ ಕಲಿಸಿದ ಹಾಡನ್ನೇ. ಮುಗಿಯುತ್ತಿದ್ದಂತೆ ಡಾಲಸ್‌ನಿಂದ ಮುದುಕರೊಬ್ಬರ ಫೋನು ಬಂತು. ಸ್ಪೀಕರಿನಲ್ಲಿ ಅವರ ಕೂಗು ಕೇಳಿಸಿತು: "ಭಲೇ! ಒನ್ಸ್ ಮೋರ್!"

ಕಂಪನಿಯಲ್ಲಿ ಆ ಕೂಗು ಕೇಳಿದರೆ, ಪಾತ್ರ ಸತ್ತು ಬಿದ್ದಿದ್ದರೂ ಎದ್ದು ಕೈಮುಗಿದು ಮತ್ತೆ ಹಾಡಬೇಕು. ತುಳಸಾಬಾಯಿ ಕುರ್ಚಿಯಿಂದೆದ್ದು ಮೈಕಿಗೆ ಕೈಮುಗಿದರು. ಪಲ್ಲವಿಯಿಂದ ಮತ್ತೆ ಶುರುಮಾಡಿದರು.

"ಒನ್ಸ್ ಮೋರ್ ಅಂದ ಕೂಡಲೆ ಹಾಡಿದ್ರಲ್ಲ, ಇದು ಕಂಪನಿ ರೂಢಿ ಬಿಡ್ರಿ ಬಾಯಾರ!" ಹಾಡಿನ ನಡುವೆಯೇ ಮುದುಕರು ನಕ್ಕರು. "ಗದಗಿನಾಗ ದ್ಯಾಮವ್ವ ಹಾಡಿದ್ದು ಕೇಳೀನಿ. ಅದs ಹಾಡು, ಅದs ದನಿ. ಆಕಿ ಮಗಳೇನ್ರಿ ನೀವು?"

ತುಳಸಾಬಾಯಿಯವರ ಹಾಡು ಅಲ್ಲೇ ನಿಂತಿತು. ಕಲಿಸಿದವಳಿಗೆ ಹಾಡೇ ಬರುತ್ತಿರಲಿಲ್ಲ ಎಂದು ಈಗಷ್ಟೇ ಹೇಳಿದ್ದರು. ನಾಚಿಕೆಯಿಂದ ಮೊಮ್ಮಗಳತ್ತ ತಿರುಗಲೂ ಆಗಲಿಲ್ಲ.

"ಅಜ್ಜಿ, ಹೂ ಈಸ್ ದ್ಯಾಮವ್ವ?" ಪಕ್ಕದಲ್ಲಿದ್ದ ಹರ್ಷಿಣಿ ಮೆಲ್ಲಗೆ ಕೇಳಿದಳು.

"ನಮ್ಮವ್ವ," ಎಂದರು ಅವರು, ತಲೆ ತಗ್ಗಿಸಿ, ಮೈಕಿನಲ್ಲೇ. "ನನಗಿಂತ ಚಲೋ ಹಾಡತಿದ್ದಳು."